ಮಲಗಿದವಳ ಬೆಟ್ಟದಲ್ಲಿ ಒಂದು ದಿನ

ಗುಹೆಯ ಬಾಯಿಗೆ ಇನ್ನೂ ನೂರು ಹೆಜ್ಜೆ ಇರುವಾಗಲೇ ಮಗಳು ಕೇಳಿಬಿಟ್ಟಳು.

"ಅಮ್ಮಾ, ನೀನಾಗಿದ್ರೆ ಆ ಇಂಜೆಕ್ಷನ್ ಕೊಡ್ತಿದ್ಯಾ?"

"ಮೆಟ್ಟಿಲು ನೋಡ್ಕೊಂಡು ನಡಿ" ಅಂದೆ.

ಅವಳಿಗೆ ಹದಿಮೂರು ವರ್ಷ. ಉತ್ತರ ತಪ್ಪಿಸಿಕೊಂಡವರನ್ನು ಬಿಡುವ ವಯಸ್ಸಲ್ಲ. ಆದರೆ ಆಗ ಅವಳು ಸುಮ್ಮನಾದಳು. ಇಡೀ ದಿನ ಆ ಪ್ರಶ್ನೆ ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ನಡೆದುಕೊಂಡು ಬಂತು.

ನಾನು ಅರಿವಳಿಕೆ ವೈದ್ಯೆ. ಜನರ ಮಾತಿನಲ್ಲಿ ಹೇಳುವುದಾದರೆ ಅನಸ್ತೇಶಿಯಾ ಡಾಕ್ಟರ್. ಆಪರೇಷನ್ ಮುಗಿದ ಮೇಲೆ ಎಲ್ಲರೂ ಸರ್ಜನ್ನಿಗೆ ಕೈ ಮುಗಿಯುತ್ತಾರೆ, ನನ್ನ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿದ್ದರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ. ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಇಷ್ಟೇ: ಮಲಗಿಸುವುದು, ಮಲಗಿದವರ ಪಕ್ಕದಲ್ಲಿ ಕೂತು ಉಸಿರು ಕಾಯುವುದು, ಎಬ್ಬಿಸುವುದು. ಹಾಗಾಗಿ ಥಾಯ್ಲೆಂಡ್ ಪ್ರವಾಸ ಅಂತ ಗೊತ್ತಾದ ದಿನವೇ, ನೀರು ತುಂಬಿ ಒಳಗೆ ಸಿಕ್ಕಿಕೊಂಡ ಮಕ್ಕಳನ್ನು ಇಂಜೆಕ್ಷನ್ ಕೊಟ್ಟು ಮಲಗಿಸಿ ಹೊರತಂದ ಥಾಮ್ ಲುವಾಂಗ್ ಗುಹೆಗೆ ಹೋಗಲೇಬೇಕು ಅಂತ ಹಟ ಹಿಡಿದಿದ್ದೆ. ಇವರಿಗೆ ಗುಹೆ, ಕತ್ತಲೆ, ಬಾವಲಿ ಯಾವುದೂ ಆಗದು. ಚಿಯಾಂಗ್ ರಾಯ್‌ನ ಬಿಳಿ ದೇವಸ್ಥಾನ ನೋಡುತ್ತೇನೆ ಅಂತ ಅಲ್ಲೇ ಉಳಿದರು. ಅಮ್ಮ ಮಗಳು ಇಬ್ಬರೇ ಮೇ ಸಾಯ್ ಕಡೆಯ ಬಸ್ಸು ಹತ್ತಿದೆವು.

ಡಿಸೆಂಬರ್ ತಿಂಗಳ ಬೆಳಗ್ಗೆ. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇಲ್ಲ. ಅರ್ಧ ದಾರಿ ಕಳೆದ ಮೇಲೆ ಟಿಕೆಟ್ ಕೊಡುವ ಹೆಂಗಸು ಎಡಗಡೆಗೆ ಕೈ ಮಾಡಿ "ದೊಯ್ ನಾಂಗ್ ನೋನ್" ಅಂದಳು. ಮಲಗಿದ ಹೆಣ್ಣಿನ ಬೆಟ್ಟ. ದೂರದಿಂದ ನೋಡಿದರೆ ಅಂಗಾತ ಮಲಗಿದ ಹೆಂಗಸಿನ ಹಾಗೇ ಕಾಣುತ್ತದಂತೆ. ನಮಗೆ ಕಂಡದ್ದು ಬರೀ ಬೂದು ಬಣ್ಣ. ಕಥೆ ಮಾತ್ರ ನನಗೆ ಗೊತ್ತಿತ್ತು. ಒಬ್ಬ ರಾಜಕುಮಾರಿ ಕುದುರೆಲಾಯದ ಹುಡುಗನನ್ನು ಪ್ರೀತಿಸಿ ಬಸುರಿಯಾಗಿ ಅವನ ಜೊತೆ ಓಡಿ ಬಂದಳು. ಅಪ್ಪನ ಕಡೆಯವರು ಅವನನ್ನು ಕೊಂದರು. ಅವಳು ತನ್ನನ್ನು ತಾನೇ ಇರಿದುಕೊಂಡಳು. ಮೈ ಬೆಟ್ಟವಾಯಿತು, ನೆತ್ತರು ನೀರಾಗಿ ಹರಿಯಿತು. ಆ ನೀರೇ 2018ರಲ್ಲಿ ಹನ್ನೆರಡು ಮಕ್ಕಳನ್ನೂ ಅವರ ಕೋಚನ್ನೂ ಒಳಗೆ ಕೂಡಿಹಾಕಿದ್ದು.

ಮುಖ್ಯರಸ್ತೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಬೆಟ್ಟದ ಬುಡಕ್ಕೆ ಬಂದೆವು. ಮೊದಲು ಎದುರಾಗುವುದು ಗುಹೆಯಲ್ಲ, ಒಬ್ಬ ಮನುಷ್ಯನ ಪ್ರತಿಮೆ. ಸಮನ್ ಕುನಾನ್. ಥಾಯ್ ನೌಕಾಪಡೆಯ ಕಮಾಂಡೋ ಪಡೆಯಾದ ಸೀಲ್ ದಳದಲ್ಲಿದ್ದು ಬಿಟ್ಟು ಬಂದವರು, ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದ ಭದ್ರತಾ ವಿಭಾಗದಲ್ಲಿ ಕೆಲಸ. ವಯಸ್ಸು 37. ಸುದ್ದಿ ಕೇಳಿ ತಾವಾಗಿಯೇ ಬಂದಿದ್ದರು. ಜುಲೈ 6ರ ನಡುರಾತ್ರಿ ದಾಟಿದ ಮೇಲೆ, ಗುಹೆಯ ಉದ್ದಕ್ಕೂ ಗಾಳಿಯ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ನೀರಿನಡಿಯಲ್ಲೇ ಪ್ರಜ್ಞೆ ತಪ್ಪಿ ಸತ್ತರು.

ಬೇರೆಯವರ ಉಸಿರಿಗೆ ಗಾಳಿ ಹೊತ್ತವರು. ನಮ್ಮ ಕೆಲಸದಲ್ಲಿ ಸಿಲಿಂಡರ್ ಹೊರುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಗೋಡೆಯ ಪೈಪಿನಿಂದ ಆಮ್ಲಜನಕ ತನ್ನಷ್ಟಕ್ಕೆ ಬರುತ್ತದೆ ಅಂತಲೇ ಎಲ್ಲರ ನಂಬಿಕೆ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಮಗಳು ಪ್ರತಿಮೆಯ ಕಾಲ ಬಳಿ ಇದ್ದ ಕಾಡುಹಂದಿ ಮರಿಗಳನ್ನು ಎಣಿಸುತ್ತಿದ್ದಳು. "ಹದಿಮೂರಿದೆ ಅಮ್ಮಾ." ಹೌದು, ಆ ಫುಟ್‌ಬಾಲ್ ತಂಡದ ಹೆಸರೇ ಮೂ ಪಾ, ಕಾಡುಹಂದಿ. ಅದೇ ಕಾರ್ಯಾಚರಣೆಯಲ್ಲಿ ತಗುಲಿದ ಸೋಂಕು ರಕ್ತಕ್ಕೆ ಏರಿ ಬೇರುತ್ ಪಕ್ಬಾರ ಅನ್ನುವ ಇನ್ನೊಬ್ಬ ಸೀಲ್ ಯೋಧ 2019ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ನಿಧಾನವಾಗಿ ಸತ್ತವರು ಸುದ್ದಿಗೆ ಸಿಗುವುದಿಲ್ಲ.

ಗುಹೆಯ ಬಾಯಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಇಷ್ಟು ಅಗಲವಾಗಿ ಕರೆಯುವ ಬಾಯಿಗೆ ಹುಡುಗರು ಹೆದರಲಿಲ್ಲ ಅನ್ನುವುದು ಆಶ್ಚರ್ಯವೇನಲ್ಲ. ಮಳೆಗಾಲದಲ್ಲಿ, ಅಂದರೆ ಜುಲೈಯಿಂದ ನವೆಂಬರ್ ತನಕ, ಒಳಗೆ ನೀರು ನುಗ್ಗುತ್ತದೆ ಅಂತ ಬಾಗಿಲಲ್ಲೇ ಎಚ್ಚರಿಕೆಯ ಫಲಕ ಇತ್ತು. ಅವರು ಹೋಗಿದ್ದು ಜೂನ್ 23, ಶನಿವಾರ. ಫಲಕದ ಲೆಕ್ಕದಲ್ಲಿ ಇನ್ನೂ ಒಂದು ವಾರ ಬಾಕಿ. ಈ ಮಕ್ಕಳು ಹುಂಬರು, ಕೋಚ್ ಬೇಜವಾಬ್ದಾರಿಯವನು ಅಂತ ಆಗ ಬೈದವರು ಬಹಳ. ಆಟದ ಅಭ್ಯಾಸ ಮುಗಿಸಿ ಸೈಕಲ್ ಹೊರಗೆ ನಿಲ್ಲಿಸಿ, ಒಂದು ಗಂಟೆ ಸುತ್ತಾಡಿ ಬರೋಣ ಅಂತ ಹೋದವರು ಅವರು. ಮಳೆ ಕ್ಯಾಲೆಂಡರ್ ನೋಡಲಿಲ್ಲ, ಅಷ್ಟೆ. ಸುಣ್ಣಕಲ್ಲಿನ ಬೆಟ್ಟ ಮೇಲಿನಿಂದ ಗಟ್ಟಿ ಕಂಡರೂ ಒಳಗೆಲ್ಲ ಸೀಳು, ತೂತು. ಎಲ್ಲೋ ಮೇಲೆ ಬಿದ್ದ ಮಳೆ ಸ್ವಲ್ಪ ಹೊತ್ತಿಗೆ ಒಳಗಿನ ತಗ್ಗುಗಳಲ್ಲಿ ಬಂದು ತುಂಬಿಕೊಳ್ಳುತ್ತದೆ. ಹುಡುಗರು ತಿರುಗಿ ನೋಡುವಷ್ಟರಲ್ಲಿ ಹಿಂದಿನ ದಾರಿಯೇ ಇರಲಿಲ್ಲ.

ನಾವು ನೋಡಿದ್ದು ಮೊದಲ ಕೋಣೆ ಮಾತ್ರ. ಒದ್ದೆ ಮಣ್ಣಿನ ವಾಸನೆ, ಅಲ್ಲಾಡದ ಗಾಳಿ. ಹಿಂದಿನ ಕಡೆ ಬೆಳಕು ಹಸಿರಾಗಿ ಕಾಣುತ್ತಿತ್ತು, ಮುಂದೆ ಏನೂ ಇಲ್ಲ. ಗೋಡೆಯ ಮೇಲೆ ಕೈ ಇಟ್ಟರೆ ತಣ್ಣಗಿನ ಜಿಡ್ಡು ಕೆಸರು ಬೆರಳಿಗೆ ಅಂಟಿತು. ಉಜ್ಜಿದರೆ ಹೋಗಲೊಲ್ಲದು, ರೇಖೆಗಳ ನಡುವೆ ಕೂತುಬಿಟ್ಟಿತ್ತು. ಮಗಳು ಬಂಡೆಯ ಹಿಂದಿನ ಮೂಲೆಗೆ ಹೋಗಿ ಟಾರ್ಚ್ ಆರಿಸಿ ನೋಡೋಣ ಅಂದಳು. ಆರಿಸಿದೆವು. ಪೂರ್ತಿ ಕತ್ತಲೆಯೇನಲ್ಲ, ಬಾಗಿಲ ಬೆಳಕು ಅಲ್ಲಿಗೂ ಚೂರು ಬರುತ್ತಿತ್ತು. ಆದರೂ ಹತ್ತು ಎಣಿಸುವಷ್ಟರಲ್ಲಿ ಅವಳ ಕೈ ನನ್ನ ಕೈ ಹುಡುಕಿಕೊಂಡು ಬಂತು.

ಅವರು ಇದಕ್ಕಿಂತ ದೊಡ್ಡ ಕತ್ತಲೆಯಲ್ಲಿ ಒಂಬತ್ತು ದಿನ ಇದ್ದರು. ತಿನ್ನಲು ಏನೂ ಇಲ್ಲ. ಬಂಡೆಯಿಂದ ತೊಟ್ಟಿಕ್ಕುವ ನೀರು ಕುಡಿದರು. ಕಲ್ಲು ಹಿಡಿದು ಗೋಡೆ ಕೊರೆದು ದಾರಿ ಹುಡುಕಿದರು. ಕೋಚ್ ಎಕ್ಕಾಪೋನ್‌ಗೆ ಆಗ 25 ವರ್ಷ. ಮುಂಚೆ ಬೌದ್ಧ ಭಿಕ್ಷುವಾಗಿದ್ದವನು, ಮಕ್ಕಳಿಗೆ ಧ್ಯಾನಕ್ಕೆ ಕೂರುವುದನ್ನು ಕಲಿಸಿದ. ಜುಲೈ 2ರ ರಾತ್ರಿ ಬ್ರಿಟನ್ನಿನ ಇಬ್ಬರು ಗುಹಾ ಡೈವರುಗಳು, ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್, ದಾರಿಯುದ್ದಕ್ಕೂ ಹಗ್ಗ ಕಟ್ಟಿಕೊಳ್ಳುತ್ತಾ ಬಂದು ನೀರಿನಿಂದ ತಲೆ ಎತ್ತಿದಾಗ ಮೊದಲು ಸಿಕ್ಕಿದ್ದು ವಾಸನೆ. ಮಕ್ಕಳು ಕಂಡದ್ದು ಆಮೇಲೆ. ಬಾಯಿಯಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ, ಒಂದು ಇಳಿಜಾರಿನ ಮೇಲೆ, ಹದಿಮೂರೂ ಜನ. ಸ್ಟಾಂಟನ್ ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ವೊಲಾಂಥೆನ್ ಕಂಪ್ಯೂಟರ್ ಕೆಲಸದವರು. ಗುಹೆಯೊಳಗೆ ಈಜುವುದು ಇಬ್ಬರಿಗೂ ರಜಾದಿನದ ಹವ್ಯಾಸ!

ಸಿಕ್ಕಿದ್ದಕ್ಕೆ ಊರೆಲ್ಲ ಕುಣಿಯಿತು. ಒಳಗಿನವರಿಗೆ ಮಾತ್ರ ಗೊತ್ತಿತ್ತು, ನಿಜವಾದ ಕಷ್ಟ ಇನ್ನು ಮುಂದೆ ಅಂತ.

ಆ ಜುಲೈ ನನಗೆ ಚೆನ್ನಾಗಿ ನೆನಪಿದೆ. ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಕೇಸಿಗೂ ಇನ್ನೊಂದಕ್ಕೂ ನಡುವೆ ಎಲ್ಲರೂ ಫೋನು ಹಿಡಿದು ಅದನ್ನೇ ನೋಡುವುದು. ಮಳೆಗಾಲ ಮುಗಿಯುವ ತನಕ ಅಲ್ಲೇ ಇರಿಸಬೇಕು ಅನ್ನುವವರು, ಬೆಟ್ಟಕ್ಕೆ ಮೇಲಿನಿಂದ ತೂತು ಕೊರೆಯಬೇಕು ಅನ್ನುವವರು, ಮಕ್ಕಳಿಗೆ ಡೈವಿಂಗ್ ಕಲಿಸಿ ಕರೆತರಬೇಕು ಅನ್ನುವವರು. ಅಲ್ಲಿಯೂ ಇವೇ ಮಾತು ನಡೆದಿತ್ತು. ಕೊರೆದೂ ನೋಡಿದರು, ಆಗಲಿಲ್ಲ. ದಕ್ಷಿಣದ ಲಿಬೊಂಗ್ ದ್ವೀಪದಿಂದ ಹಕ್ಕಿಗೂಡು ಕೀಳುವವರು ಬಂದು ಬೆಟ್ಟದ ಬಂಡೆಗಳಲ್ಲಿ ಇಳಿದು ಒಳದಾರಿ ಹುಡುಕಿದರು. ಪಂಪುಗಳು ಹಗಲೂ ರಾತ್ರಿ ನೀರೆತ್ತಿದವು. ಭಾರತದಿಂದ ಕಿರ್ಲೋಸ್ಕರ್ ಕಂಪನಿಯ ಇಂಜಿನಿಯರುಗಳೂ ಆ ಕೆಲಸಕ್ಕೆ ಸಲಹೆ ಕೊಡಲು ಹೋಗಿದ್ದರು. ಒಟ್ಟು ನೂರು ಕೋಟಿ ಲೀಟರಿಗೂ ಹೆಚ್ಚು ನೀರು ಹೊರಗೆ ಬಂತು. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಕೆಳಗಿನ ಭತ್ತದ ಗದ್ದೆಗಳಿಗೆ. ನೆಟ್ಟ ಪೈರು ಮುಳುಗಿತು. ಪರಿಹಾರ ಬೇಡ, ಮಕ್ಕಳು ಬರಲಿ ಅಂದ ರೈತರಿದ್ದರು. ನಾವು ಬರುವಾಗ ಗಾಡಿಯ ಎರಡೂ ಕಡೆ ಕೊಯ್ಲು ಮುಗಿದ ಕೂಳೆ ಗದ್ದೆಗಳು. ಯಾವುದು ಆಗ ಮುಳುಗಿದ್ದು, ಯಾವುದು ಅಲ್ಲ ಅಂತ ಹೇಳುವ ಗುರುತು ಒಂದೂ ಇರಲಿಲ್ಲ.

ಕೊನೆಗೆ ಕಾಯಲು ಬಿಡದಿದ್ದದ್ದು ಗಾಳಿ. ಮಕ್ಕಳಿದ್ದ ಕಡೆ ಆಮ್ಲಜನಕ ಶೇಕಡಾ 15ಕ್ಕೆ ಇಳಿಯಿತು. ನಾವು ಉಸಿರಾಡುವ ಗಾಳಿಯಲ್ಲಿರುವುದು 21. ಆ ಸಂಖ್ಯೆ ಓದಿದ ದಿನ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಜೊತೆಗೆ ದೊಡ್ಡ ಮಳೆ ಬರುವ ಸೂಚನೆ ಬೇರೆ.

ಜುಲೈ 8ರಂದು ನಾಲ್ಕು, 9ರಂದು ನಾಲ್ಕು, 10ರಂದು ಉಳಿದ ಐದು. ಮೂರೇ ದಿನದಲ್ಲಿ ಹದಿಮೂರು ಜನವೂ ಹೊರಗೆ ಬಂದರು. ಹೇಗೆ ತಂದರು ಅಂತ ಕೇಳಿದರೆ ಆತಂಕ ಕಡಿಮೆ ಮಾಡುವ ಔಷಧಿ ಕೊಟ್ಟಿದ್ದೆವು ಅಂತ ಅಲ್ಲಿನ ಪ್ರಧಾನಿ ಹೇಳಿದರು. ಅದನ್ನು ಓದಿ ನಮ್ಮ ಹಿರಿಯ ಮೇಡಂ ಕನ್ನಡಕ ಕೆಳಗಿಳಿಸಿ ನಕ್ಕರು. "ಬರೀ ಆತಂಕದ ಮಾತ್ರೆ ಕೊಟ್ಟು ಕೆಸರು ನೀರಿನಲ್ಲಿ ಮುಳುಗಿಸಿದರೆ ಯಾವ ಮಗುವಾದರೂ ಮೊದಲ ನಿಮಿಷಕ್ಕೇ ಮಾಸ್ಕ್ ಕಿತ್ತೆಸೆಯುತ್ತೆ. ಇವರು ಕೆಟಮೀನ್ ಕೊಟ್ಟಿದ್ದಾರೆ ನೋಡ್ತಿರಿ." ಮುಂದಿನ ವರ್ಷ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಸಣ್ಣದೊಂದು ಪತ್ರ ಬಂತು. ಕೆಟಮೀನೇ. ಮೇಡಂ ಅದರ ಪ್ರತಿ ತೆಗೆದು ನಮ್ಮ ಕೋಣೆಯ ಗೋಡೆಗೆ ಅಂಟಿಸಿದರು, ಏನೂ ಹೇಳಲಿಲ್ಲ.

ಕೆಟಮೀನ್ ಅರಿವಳಿಕೆಯ ಔಷಧಿ, ಹೊಸದೇನಲ್ಲ. 1962ರಲ್ಲಿ ತಯಾರಾದದ್ದು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಕೊಟ್ಟು ಹೆಸರು ಮಾಡಿದ್ದು. ಉಸಿರನ್ನು ಬೇಗ ಕಟ್ಟುವುದಿಲ್ಲ, ರಕ್ತದೊತ್ತಡ ಇಳಿಸುವುದಿಲ್ಲ, ರಕ್ತನಾಳ ಹುಡುಕುವಷ್ಟು ಬೆಳಕಿಲ್ಲದಿದ್ದರೂ ಮಾಂಸಖಂಡಕ್ಕೆ ಚುಚ್ಚಬಹುದು. ಒಂದು ವಿಷಯ ಮಾತ್ರ ಮೊದಲ ಸಲ ನೋಡಿದವರನ್ನು ಬೆಚ್ಚಿಬೀಳಿಸುತ್ತದೆ. ಕೆಟಮೀನ್ ಕೊಟ್ಟ ಮಗುವಿನ ಕಣ್ಣು ಮುಚ್ಚುವುದಿಲ್ಲ. ರೆಪ್ಪೆ ತೆರೆದೇ ಇರುತ್ತದೆ, ಗುಡ್ಡೆ ನಿಧಾನವಾಗಿ ಅತ್ತಿತ್ತ ಹೊರಳುತ್ತದೆ. ಯಾರನ್ನೋ ಹುಡುಕುವ ಹಾಗೆ. ನೋಡುತ್ತಿರುತ್ತದೆ, ಆದರೆ ಅಲ್ಲಿ ಯಾರೂ ಇಲ್ಲ. ಹೊಸದಾಗಿ ಬಂದ ನರ್ಸುಗಳು "ಮೇಡಂ, ಎಚ್ಚರ ಇದೆ" ಅಂತ ಗಾಬರಿಯಾಗುವುದು ಇದಕ್ಕೇ. ಆ ಹುಡುಗರ ಮುಖವನ್ನು ಪೂರ್ತಿ ಮುಚ್ಚುವ ಮಾಸ್ಕಿನ ಗಾಜಿನೊಳಗೆ ಹಾಗೇ ಕಣ್ಣು ತೆರೆದಿತ್ತೇ, ಆ ನೀರಿನಲ್ಲಿ ಯಾರಿಗೂ ಕಾಣುವಂತಿರಲಿಲ್ಲ.

ಕೊಟ್ಟವರು ರಿಚರ್ಡ್ ಹ್ಯಾರಿಸ್. ಆಸ್ಟ್ರೇಲಿಯಾದ ಅಡಿಲೇಡಿನವರು, ನನ್ನ ವೃತ್ತಿಯವರೇ, ಹವ್ಯಾಸಕ್ಕೆ ಗುಹೆಗಳಲ್ಲಿ ಮುಳುಗುವವರು. ಜಗತ್ತಿನಲ್ಲಿ ಈ ಎರಡೂ ಗೊತ್ತಿರುವವರನ್ನು ಬೆರಳಲ್ಲೇ ಎಣಿಸಬಹುದು. ಬ್ರಿಟಿಷ್ ಡೈವರುಗಳು ಮೊದಲು ಈ ಉಪಾಯ ಹೇಳಿದಾಗ ಸಾಧ್ಯವೇ ಇಲ್ಲ ಅಂದಿದ್ದರು. ಒಪ್ಪಿಕೊಂಡು ಹೋದ ಮೇಲೂ ಇದು ಫಲಿಸುತ್ತದೆ ಅಂತ ತಾವು ನಂಬಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದ್ದಾರೆ. ಮಕ್ಕಳು ಸತ್ತರೆ ಮೊಕದ್ದಮೆ ಆಗದಂತೆ ಥಾಯ್ ಸರ್ಕಾರ ಅವರಿಗೂ ಅವರ ಗೆಳೆಯ ಕ್ರೇಗ್ ಚಾಲೆನ್‌ಗೂ ರಕ್ಷಣೆ ಕೊಟ್ಟಿತ್ತು. ಚಾಲೆನ್ ನಿವೃತ್ತ ಪಶುವೈದ್ಯ. ದಾರಿಯ ಮಧ್ಯೆ ನಿಂತು ಮಕ್ಕಳನ್ನು ಪರೀಕ್ಷಿಸಿದ್ದು ದನ ನಾಯಿಗಳ ಡಾಕ್ಟರು ಅಂದಾಗ ಮಗಳು ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ. ಮಾತಾಡದ ರೋಗಿಯ ಉಸಿರು ನೋಡಿಯೇ ಕಾಯಿಲೆ ತಿಳಿಯುವವನು, ಅಲ್ಲಿಗೆ ಬೇಕಿದ್ದವನು ಅವನೇ.

ಗುಹೆಯ ಹೊರಗೆ ಮರದ ಕೆಳಗೆ ಕೂತು ಮಗಳಿಗೆ ಅದನ್ನೆಲ್ಲ ಬಿಡಿಸಿ ಹೇಳಿದೆ. ಮೊದಲು ಹೆದರಿಕೆ ಇಳಿಸುವ ಒಂದು ಮಾತ್ರೆ. ಅರ್ಧ ಮಂಪರಿನಲ್ಲಿ ಹುಡುಗ ಇಳಿಜಾರು ಇಳಿದು ಡಾಕ್ಟರ ಹತ್ತಿರ ಬರುತ್ತಾನೆ, ಅವರ ತೊಡೆಯ ಮೇಲೆ ಕೂರುತ್ತಾನೆ. ಒಂದು ಕಾಲಿಗೆ ಕೆಟಮೀನ್, ಇನ್ನೊಂದಕ್ಕೆ ಅಟ್ರೋಪಿನ್. ಎರಡನೆಯದು ಯಾಕೆ ಅಂದರೆ ಕೆಟಮೀನ್ ಕೊಟ್ಟರೆ ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ, ಮಾಸ್ಕಿನೊಳಗೆ ಆ ಜೊಲ್ಲೇ ಸಾಕು ಮಗುವನ್ನು ಮುಳುಗಿಸಲು. ಹುಡುಗ ಮಲಗಿದ ಮೇಲೆ ಮಾಸ್ಕ್ ಬಿಗಿದು, ಆಮ್ಲಜನಕ ಹೆಚ್ಚಿಗೆ ಬೆರೆಸಿದ ಸಿಲಿಂಡರನ್ನು ಎದೆಗೆ ಕಟ್ಟಿ, ಮುಖ ಕೆಳಗೆ ಮಾಡಿ ನೀರಿನಲ್ಲಿ ಇಟ್ಟು ನೋಡಬೇಕು. ಉಸಿರು ನಿಲ್ಲುತ್ತದೆ. ಕಾಯಬೇಕು. ಆಮೇಲೆ ಗುಳ್ಳೆ ಬರುತ್ತದೆ.

"ಬರದಿದ್ರೆ?"

ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಬರದಿದ್ದರೆ ಏನು ಅಂತ ನನಗೆ ಗೊತ್ತು. ಕಲಿಯುವ ದಿನಗಳಲ್ಲಿ ಒಂದು ಆಸ್ಪತ್ರೆಯಲ್ಲಿ ಐದು ವರ್ಷದ ಮಗುವೊಂದರ ಗಂಟಲಿಗೆ ಒಂದು ಹನಿ ಜೊಲ್ಲು ಇಳಿದು ಧ್ವನಿತಂತುಗಳು ಪಟ್ಟಂತ ಮುಚ್ಚಿಕೊಂಡವು. ಲ್ಯಾರಿಂಗೋಸ್ಪಾಸಂ ಅನ್ನುತ್ತೇವೆ. ಎದೆ ಏರಲು ಒದ್ದಾಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಆಕ್ಸಿಮೀಟರಿನ ಸದ್ದು ನಿಮಗೆ ಗೊತ್ತಿರಬಹುದು, ಟಿಕ್ ಟಿಕ್ ಅಂತ. ಆಮ್ಲಜನಕ ಇಳಿದ ಹಾಗೆ ಆ ಸದ್ದಿನ ಸ್ವರವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನನ್ನ ಹಿಂದೆ ಹಿರಿಯರು ಇದ್ದರು, ಔಷಧಿ ತುಂಬಿದ ಸಿರಿಂಜ್ ಇತ್ತು, ಗೋಡೆಯಲ್ಲಿ ಆಮ್ಲಜನಕ ಇತ್ತು. ಮಗು ಗುಲಾಬಿ ಬಣ್ಣಕ್ಕೆ ತಿರುಗಿತು. ನಾನು ಹೊರಗೆ ಹೋಗಿ ನೆಲದ ಮೇಲೆ ಕೂತೆ. ಇವತ್ತಿಗೂ ಯಾವುದಾದರೂ ಯಂತ್ರದ ಸದ್ದಿನ ಸ್ವರ ಇಳಿದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಅದು ಮಿಕ್ಸಿಯಾದರೂ ಸರಿ.

ಅಲ್ಲಿ ಆ ಸದ್ದೇ ಇಲ್ಲ. ಯಂತ್ರ ಇಲ್ಲ, ಬೆಳಕಿಲ್ಲ, ಹಿರಿಯರಿಲ್ಲ. ಒಂದು ಮಗುವಿಗೆ ಒಬ್ಬ ಡೈವರ್. ಆ ನಾಲ್ವರು ಸ್ಟಾಂಟನ್, ವೊಲಾಂಥೆನ್, ಜೇಸನ್ ಮ್ಯಾಲಿನ್ಸನ್, ಕ್ರಿಸ್ ಜ್ಯುಯೆಲ್. ನೀರು ಹಾಲು ಹಾಕಿದ ಕಾಫಿಯ ಹಾಗೆ, ತನ್ನ ಕೈ ತನಗೆ ಕಾಣದು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಹುಡುಗನ ಬೆನ್ನಿನ ಪಟ್ಟಿ. ಕಿರಿದಾದ ಜಾಗ 38 ಸೆಂಟಿಮೀಟರ್ ಅಂತ ಹೇಳುತ್ತಾರೆ. ಬಂಡೆಗೆ ಮಗುವಿನ ತಲೆ ತಾಗದಿರಲು ಮೊದಲು ತಮ್ಮ ತಲೆ ತಾಗಿಸಿ ನೋಡುವುದು. ಬದುಕಿದ್ದಾನೋ ಇಲ್ಲವೋ ತಿಳಿಯಲು ಇದ್ದ ಒಂದೇ ಉಪಾಯ, ಹುಡುಗ ಬಿಟ್ಟ ಉಸಿರಿನ ಗುಳ್ಳೆ. ಹೊರಗೆ ತರಲು ಗಂಟೆಗಳೇ ಬೇಕು, ಕೆಟಮೀನ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮಧ್ಯೆ ಸಿಗುವ ಗಾಳಿಯ ಕೋಣೆಗಳಲ್ಲಿ ಈ ಡೈವರುಗಳೇ ಇನ್ನೊಂದು ಇಂಜೆಕ್ಷನ್ ಚುಚ್ಚಬೇಕು. ಕಂಪ್ಯೂಟರ್ ಕೆಲಸದವನು ಕತ್ತಲೆಯಲ್ಲಿ ಅರಿವಳಿಕೆ ಕೊಡುತ್ತಾನೆ! ನಮ್ಮಲ್ಲಿ ಮೂರು ವರ್ಷ ಓದಿದವರಿಗೂ ಮೊದಲ ಆರು ತಿಂಗಳು ಒಬ್ಬರನ್ನೇ ಬಿಡುವುದಿಲ್ಲ.

"ಕೈ ಹಿಂದಕ್ಕೆ ಕಟ್ಟಿದ್ರಂತೆ, ನಿಜಾನಾ?" ಮಗಳ ಮುಖ ಕೆಂಪಾಗಿತ್ತು.

ನಿಜ. ಮಧ್ಯದಲ್ಲಿ ಎಚ್ಚರವಾದರೆ ಮೊದಲು ಮಾಡುವ ಕೆಲಸ ಮಾಸ್ಕ್ ಕೀಳುವುದು. ಕಿತ್ತರೆ ಅವನೂ ಇಲ್ಲ, ಹಿಡಿದವನೂ ಇಲ್ಲ. ಅದಕ್ಕೇ ಕಟ್ಟಿದರು. ಅಪ್ಪ ಅಮ್ಮಂದಿರಿಗೆ ಈ ವಿವರವೆಲ್ಲ ಮೊದಲೇ ಹೇಳಿರಲಿಲ್ಲ. ಇದು ಸರಿಯೇ ಅಂತ ಅವಳು ಕೇಳಿದಳು. ಓಟಿಯ ಬಾಗಿಲಲ್ಲಿ ನಾನು ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಎಲ್ಲವನ್ನೂ ಬರೆದಿರುತ್ತೇವೆ, ಓದುವವರು ಮಾತ್ರ ಯಾರೂ ಇಲ್ಲ. ನನ್ನ ಕಣ್ಣು ನೋಡಿ ಸಹಿ ಹಾಕುತ್ತಾರೆ. ಅಲ್ಲಿ ಕಾಗದವೂ ಇರಲಿಲ್ಲ ಅಂದುಕೊಂಡೆ. ಮಗಳಿಗೆ ಹೇಳಲಿಲ್ಲ.

ಮೊದಲು ಯಾರು ಹೋಗಬೇಕು ಅನ್ನುವುದನ್ನು ಹುಡುಗರು ಮತ್ತು ಕೋಚ್ ಸೇರಿಯೇ ನಿರ್ಧರಿಸಿದರಂತೆ. ಯಾರ ಮನೆ ದೂರವೋ ಅವರು ಮೊದಲು, ಯಾಕೆಂದರೆ ಹೊರಗೆ ಬಂದ ಮೇಲೆ ಸೈಕಲ್ ತುಳಿದುಕೊಂಡು ಮನೆಗೆ ಹೋಗಬೇಕಲ್ಲ! ಹೊರಗೆ ಹತ್ತು ಸಾವಿರ ಜನ, ಆಂಬುಲೆನ್ಸು, ಹೆಲಿಕಾಪ್ಟರು, ಜಗತ್ತಿನ ಎಲ್ಲ ಟೀವಿಗಳು ಕಾದಿವೆ ಅನ್ನುವ ಕಲ್ಪನೆಯೇ ಅವರಿಗಿರಲಿಲ್ಲ. ಇದನ್ನು ಹೇಳಿದ ಮೇಲೆ ಮಗಳು ಮೊದಲ ಸಲ ಕಣ್ಣೊರೆಸಿಕೊಂಡಳು. ಕೆಟಮೀನಿಗೆ ಬಾರದ ಅಳು ಸೈಕಲ್ಲಿಗೆ ಬಂತು.

ಮೂರನೇ ದಿನ ಜ್ಯುಯೆಲ್ ಕೈಯಿಂದ ಹಗ್ಗ ತಪ್ಪಿಹೋಗಿತ್ತು. ಕೈಗೆ ಸಿಕ್ಕ ಒಂದು ತಂತಿ ಹಿಡಿದು ದಾರಿ ಹುಡುಕಿಕೊಂಡು, ಹಿಂದಿನ ಕೋಣೆಯಲ್ಲೇ ತಲೆ ಎತ್ತಿದರು. ಹಿಂದೆ ಬಂದ ಹ್ಯಾರಿಸ್ ಮಗುವನ್ನು ಮುಂದಕ್ಕೆ ಒಯ್ದರು. ಕೊನೆಯ ಹುಡುಗ ತೀರಾ ಚಿಕ್ಕವನು, ಅವನ ಮುಖಕ್ಕೆ ಮಾಸ್ಕೇ ಸರಿಯಾಗಿ ಕೂರದೆ ಬೇರೆಯದನ್ನು ಬಿಗಿಯಬೇಕಾಯಿತು. ಎಲ್ಲರ ಜೊತೆ ಒಳಗೇ ಉಳಿದಿದ್ದ ಸೇನೆಯ ಡಾಕ್ಟರ್ ಪಾಕ್ ಮತ್ತು ಮೂವರು ಸೀಲ್ ಯೋಧರು ಹೊರಬಿದ್ದ ಹೊತ್ತಿಗೆ ಪಂಪ್ ಕೆಟ್ಟು ನೀರು ಏರಿತು, ಒಳಗೆ ಉಳಿದ ಕೆಲಸದವರು ಸಾಮಾನು ಬಿಟ್ಟು ಓಡಿ ಬಂದರು. ಹ್ಯಾರಿಸ್ ಕೆಲಸ ಮುಗಿಸಿ ಬಂದಾಗ ಊರಿನಿಂದ ಅವರ ತಂದೆ ತೀರಿಕೊಂಡ ಸುದ್ದಿ ಕಾದಿತ್ತು.

ಹೊರಗಿನ ಸಭಾಂಗಣದಲ್ಲಿ ಗೋಡೆ ತುಂಬ ಒಂದು ದೊಡ್ಡ ಚಿತ್ರ ಇದೆ. ನಡುವೆ ಸಮನ್, ಸುತ್ತ ನೂರಾರು ಮುಖಗಳು. ಪಂಪಿನವರು, ಅಡುಗೆಯವರು, ಡೈವರುಗಳು, ಎಲ್ಲರೂ ಇದ್ದಾರೆ. ಮಗಳು ಹುಡುಗರ ಫೋಟೋ ಮುಂದೆ ನಿಂತು ಇವರೆಲ್ಲ ಈಗ ಏನು ಮಾಡ್ತಿದ್ದಾರೆ ಅಂತ ಕೇಳಿದಳು. ಕೋಚ್ ಮತ್ತು ಮೂವರು ಹುಡುಗರು ಯಾವ ದೇಶದ ಪೌರರೂ ಆಗಿರಲಿಲ್ಲ, ಹೊರಬಂದ ಮುಂದಿನ ತಿಂಗಳೇ ಥಾಯ್ ಪೌರತ್ವ ಸಿಕ್ಕಿತು ಅಂತ ಹೇಳಿದೆ. ತಂಡದ ನಾಯಕ ಮುಂದೆ ಫುಟ್‌ಬಾಲ್ ಕಲಿಯಲು ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗಿ, 2023ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡ. ಅದನ್ನೂ ಹೇಳಿದೆ, ಮುಚ್ಚಿಡುವುದೇಕೆ. ಅವಳು ಫೋಟೋವನ್ನು ಇನ್ನೊಂದು ಸಲ ನೋಡಿದಳು. ಅವನು ಯಾವನು ಅಂತ ಕೇಳಲಿಲ್ಲ.

ಮುಖ್ಯರಸ್ತೆಯ ಹತ್ತಿರ ಒಂದು ಪುಟ್ಟ ಅಂಗಡಿಯಲ್ಲಿ ಬಿಸಿ ನೂಡಲ್ಸ್ ಸಾರು ತಿಂದೆವು. ಬಟ್ಟಲು ಖಾಲಿಯಾಗುವ ಹೊತ್ತಿಗೆ ನಾನಾಗಿಯೇ ಹೇಳಿದೆ.

"ಇಲ್ಲ ಪುಟ್ಟಾ. ನಾನಾಗಿದ್ರೆ ಕೊಡ್ತಿರಲಿಲ್ಲ."

ಅವಳು ಚಮಚ ಕೆಳಗಿಟ್ಟಳು.

"ಹೊಟ್ಟೆಗಿಲ್ಲದೆ ಸೊರಗಿದ ಮಗು, ಎದೆಯಲ್ಲಿ ಕಫ ಇರಬಹುದು, ನೋಡಿಕೊಳ್ಳೋಕೆ ಯಂತ್ರ ಇಲ್ಲ, ಪಕ್ಕದಲ್ಲಿ ನಾನಿರಲ್ಲ. ನಮ್ಮ ಪುಸ್ತಕದಲ್ಲಿ ಕೊಡಬೇಡ ಅಂತ ಬರೆದಿರೋ ಎಲ್ಲಾ ಕಾರಣಾನೂ ಅಲ್ಲಿತ್ತು. ನಾನು ಬೇಡ ಅಂತಿದ್ದೆ. ಯಾರೂ ನನ್ನನ್ನ ತಪ್ಪು ಅಂತ ಹೇಳೋ ಹಾಗಿರಲಿಲ್ಲ."

"ಆಗ ಅವರು ಸತ್ತೋಗ್ತಿದ್ರಲ್ಲ?"

"ಹೌದು."

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಬಟ್ಟಲಿನಲ್ಲಿ ಉಳಿದಿದ್ದ ಮೊಟ್ಟೆಯ ಅರ್ಧ ಭಾಗವನ್ನು ನನ್ನ ಬಟ್ಟಲಿಗೆ ದಾಟಿಸಿದಳು. ಅವಳಿಗೆ ಮೊಟ್ಟೆ ಅಂದರೆ ಪ್ರಾಣ.

ವಾಪಸ್ ಬಸ್ಸಿನಲ್ಲಿ ಬಲಗಡೆಯ ಕಿಟಕಿಗೆ ಕೂತೆವು. ಮಂಜು ಎದ್ದುಹೋಗಿ ಬಿಸಿಲು ಬಂದಿತ್ತು. ಮಗಳು ಗಾಜಿನ ಮೇಲೆ ಬೆರಳಿಟ್ಟು ಗೆರೆ ಎಳೆಯುತ್ತಾ ಹೋದಳು. "ನೋಡಮ್ಮಾ, ಇದು ಕೂದಲು, ಇದು ಹಣೆ, ಮೂಗು ನೋಡು ಎಷ್ಟು ಚೂಪು, ಇದು ಗದ್ದ..." ನಿಜವಾಗಿಯೂ ಒಬ್ಬಳು ಹೆಂಗಸು, ಆಕಾಶಕ್ಕೆ ಮುಖ ಮಾಡಿ. ಅವಳ ಬೆರಳು ಗದ್ದದಿಂದ ಕೆಳಗಿಳಿದು ಎದೆಯ ದಿಬ್ಬಕ್ಕೆ ಬಂತು. ಅಲ್ಲಿ ಬಿಳಿ ಮೋಡದ ಚೂರೊಂದು ಕೂತಿತ್ತು. ನಾನು ಕಣ್ಣು ಕಿರಿದು ಮಾಡಿ ಆ ಜಾಗವನ್ನೇ ನೋಡುತ್ತಾ ಇದ್ದೆ, ಎಷ್ಟು ಹೊತ್ತೋ ಗೊತ್ತಿಲ್ಲ.

"ಅಮ್ಮಾ," ಮಗಳು ಮೊಣಕೈಯಿಂದ ತಿವಿದಳು, "ಉಸಿರಾಡುತ್ತಾ ಇಲ್ವಾ ಅಂತ ನೋಡ್ತಿದೀಯಾ? ಅದು ಬೆಟ್ಟ ಕಣಮ್ಮಾ."